ಗಾಯಕ್ಕೆ ಅರಿಶಿಣ: ಯಾಕೆ, ಹೇಗೆ?



ಮಳೆಗಾಲದಲ್ಲಿ ಬಸವಕಲ್ಯಾಣ, ಹುಮನಾಬಾದ್ ಭಾಗದ ಕೊಟ್ಟಿಗೆಗಳಲ್ಲಿ ನೊಣ ಹೆಚ್ಚು. ಸಣ್ಣ ಗಾಯಕ್ಕೂ ಹುಳ ಬೀಳಬಹುದು. ಆಗ ರಾಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಗಾಯ ಕಂಡ ದಿನವೇ ಆರೈಕೆ ಮಾಡಿ.

ಅರಿಶಿಣಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ಅಂಶ. ಇದು ಬಾವು ಇಳಿಸಲು, ರೋಗಾಣು ತಡೆಯಲು ನೆರವಾಗುತ್ತದೆ. ಇದು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಎಣ್ಣೆಯಲ್ಲೇ ಕಾಯಿಸಬೇಕು.

ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ತಿಳಿಸುವ ವಿಧಾನ: ಬೇವು, ತುಳಸಿ, ಮೆಹಂದಿ, ಕುಪ್ಪಿಗಿಡದ ಎಲೆ ತಲಾ ಒಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಅರಿಶಿಣ ಪುಡಿ 20 ಗ್ರಾಂ. ಇವನ್ನು ಅರೆದು, 500 ಮಿ.ಲೀ. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಆರಿಸಿ.

ಮೊದಲು ಗಾಯವನ್ನು ಶುದ್ಧ ನೀರಿನಿಂದ ತೊಳೆದು ಒರೆಸಿ, ನಂತರ ಹಚ್ಚಿ. ಹೊಲಸಿನ ಮೇಲೆ ಹಚ್ಚಿದ ಮದ್ದು ಕೆಲಸ ಮಾಡದು. ಹುಳ ಬಿದ್ದಿದ್ದರೆ ಮೊದಲ ದಿನ ಮಾತ್ರ ಸೀತಾಫಲದ ಎಲೆ ಅರೆದು ಹಚ್ಚಿ. ಮೊಲೆಯ ಗಾಯಕ್ಕೆ ಹಾಲು ಕರೆದ ಮೇಲೆ ಹಚ್ಚಿ. ಮುಂದಿನ ಸಲ ಕರೆಯುವ ಮೊದಲು ಚೆನ್ನಾಗಿ ತೊಳೆಯಿರಿ.

ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಜ್ವರವಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಪಶುವೈದ್ಯರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.