ಹೊಸ ಕಂಪ್ಯೂಟರ್ ತಾನಾಗೇ ಆಫ್ ಆದಾಗ

ಮನೆಗೆ ಕಂಪ್ಯೂಟರ್ ಬಂದು ವಾರ ಕಳೆದಿರುವುದಿಲ್ಲ, ಕೆಲಸದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತದೆ. ನಮ್ಮ ಮುದ್ದೇನಹಳ್ಳಿ, ನಂದಿ ಸುತ್ತಿನ ಹಳ್ಳಿಗಳಲ್ಲಿ ಮೊದಲ ಸಲ ಕಂಪ್ಯೂಟರ್ ಕೊಂಡವರು ಆಗ ವೈರಸ್ ಬಂದಿದೆ ಎಂದು ಫಾರ್ಮ್ಯಾಟ್ ಮಾಡಿಸುತ್ತಾರೆ, ಇಲ್ಲವೇ ಅಂಗಡಿಯವನು ಮೋಸ ಮಾಡಿದ ಎಂದು ನೊಂದುಕೊಳ್ಳುತ್ತಾರೆ. ಎರಡಕ್ಕೂ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಂತ ದಿನ, ಗಂಟೆ, ಆಗ ಮಾಡುತ್ತಿದ್ದ ಕೆಲಸ, ಮನೆಯಲ್ಲಿ ಮೋಟರ್ ಅಥವಾ ಮಿಕ್ಸಿ ಓಡುತ್ತಿತ್ತೇ, ಇಷ್ಟನ್ನು ಬರೆದಿಡಿ.

ಹೇಗೆ ನಿಂತಿತು ಎಂಬುದನ್ನೂ ಬರೆಯಿರಿ. ಕರೆಂಟ್ ಹೋದ ಹಾಗೆ ಒಮ್ಮೆಲೇ ಕತ್ತಲಾದರೆ ವಿದ್ಯುತ್ತು, ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರ್ ಒಳಗಿನ ಭಾಗಗಳಿಗೆ ತಕ್ಕಂತೆ ಬದಲಿಸುವ ಡಬ್ಬಿ), ಅಥವಾ ಬಿಸಿ. ನೀಲಿ ಪರದೆ ಬಂದು ಅಕ್ಷರಗಳು ಕಂಡರೆ ರ‍್ಯಾಮ್, ಡಿಸ್ಕ್ ಅಥವಾ ಡ್ರೈವರ್ ಕಡೆ ಅನುಮಾನ. ಆ ಅಕ್ಷರಗಳ ಫೋಟೋ ತೆಗೆದಿಡಿ. ಚಿತ್ರ ಹಾಗೇ ಉಳಿದು ಮೌಸ್ ಮಾತ್ರ ಅಲ್ಲಾಡದಿದ್ದರೆ ಇವುಗಳಲ್ಲಿ ಯಾವುದೂ ಇರಬಹುದು.

ನಮ್ಮ ಭಾಗದಲ್ಲಿ ನಾನು ಮೊದಲು ನೋಡಿ ಎನ್ನುವುದು ಕರೆಂಟನ್ನೇ. ಯಾಕೆಂದು ಹೇಳಲು ಒಂದು ಹೋಲಿಕೆ: 1908ರಲ್ಲಿ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನವರು ಕರೆಸಿಕೊಂಡಿದ್ದು ಇದೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು. ಮುಳುಗಿದ್ದು ನಗರ, ಅವರು ಪರಿಹಾರ ಹುಡುಕಿದ್ದು ನಗರದ ಮೇಲ್ಭಾಗದಲ್ಲಿ, ನೀರು ಹರಿದುಬರುವ ಕಡೆ ಜಲಾಶಯ ಕಟ್ಟುವುದರಲ್ಲಿ. ಕಂಪ್ಯೂಟರ್ ವಿಷಯದಲ್ಲೂ ತೊಂದರೆ ಕಾಣಿಸಿದ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು ಆಗಿರಬಹುದು.

ನಮ್ಮ ಹಳ್ಳಿಗಳಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ತ್ರೀ ಫೇಸ್ ಬಿಟ್ಟೊಡನೆ ತೋಟದ ಮೋಟರ್‌ಗಳು ಒಟ್ಟಿಗೆ ಎದ್ದರೆ, ಪ್ರತಿಯೊಂದೂ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 230 ವೋಲ್ಟ್ ಇರಬೇಕಾದದ್ದು ಕುಸಿದು ಬಲ್ಬು ಡಿಮ್ ಆಗುತ್ತದೆ. ನಿಮ್ಮ ನೋಟ್‌ಬುಕ್ಕಿನ ಗಂಟೆಗಳು ಈ ಹೊತ್ತಿಗೆ ಹೊಂದುತ್ತವೆಯೇ ನೋಡಿ.

"ಮನೆಯಲ್ಲಿ ಇನ್ವರ್ಟರ್ ಇದೆ, ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ" ಎಂದು ಹಲವರು ಹೇಳುತ್ತಾರೆ. ನಿಮಗೆ ಗೊತ್ತಾಗದಿರಬಹುದು, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಪೂರ್ತಿ ಲೋಡ್ ಇದ್ದಾಗ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಸುಮಾರು ಅಷ್ಟೇ, ಹೆಚ್ಚಾಗಿ ಅದಕ್ಕೂ ಕಡಿಮೆ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಫ್ಯಾನು ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ; ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ, ವೋಲ್ಟೇಜ್ ತೀರಾ ಇಳಿದಾಗಲೂ ಬ್ಯಾಟರಿಗೆ ಹೋಗುತ್ತದೆ. ಕಂಪ್ಯೂಟರ್ ಹಾಕಿರುವ ಸಾಕೆಟ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂಬುದನ್ನೂ ಕೇಳಿಕೊಳ್ಳಿ. ಹಲವು ಮನೆಗಳಲ್ಲಿ ಲೈಟು, ಫ್ಯಾನು ಮಾತ್ರ ಅದರಲ್ಲಿರುತ್ತವೆ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ ಎಂದುಕೊಳ್ಳಿ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಿಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಕಂಪ್ಯೂಟರ್‌ಗಿಂತ ಮಕ್ಕಳ ಸಲುವಾಗಿ ಇದು ಮುಖ್ಯ.

ತೊಂದರೆ ಮನೆಯ ಕರೆಂಟಿನದೇ ಎಂದು ತಿಳಿಯುವ ಪರೀಕ್ಷೆ ಸುಲಭ. ಕರೆಂಟ್ ಚೆನ್ನಾಗಿರುವ ನೆಂಟರ ಮನೆಗೆ ಒಯ್ದು ಎರಡು ದಿನ ಅದೇ ಕೆಲಸ ಮಾಡಿ. ಅಲ್ಲೂ ನಿಂತರೆ ತೊಂದರೆ ಯಂತ್ರದ ಒಳಗಿದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಯಂತ್ರ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿದ್ದರೆ ಒಳಗಿನ ಭಾಗ ಸಡಿಲಾಗಿರಬಹುದು. ವಾರಂಟಿ ಸೀಲ್ ಇದ್ದರೆ ಅಂಗಡಿಯವರನ್ನು ಕೇಳದೆ ತೆರೆಯಬೇಡಿ. ತೆರೆಯಬಹುದಾದರೆ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ರ‍್ಯಾಮ್ ತೆಗೆದು, ಕ್ಲಿಪ್ ಟಕ್ ಎನ್ನುವಂತೆ ಮತ್ತೆ ಕೂರಿಸಿ. ಪ್ರೊಸೆಸರ್ ಮೇಲಿನ ಫ್ಯಾನು ಅಲ್ಲಾಡದೆ ಕೂತಿದೆಯೇ ನೋಡಿ; ಅದರ ಒಂದು ಪಿನ್ ಎದ್ದಿದ್ದರೂ ಬಿಸಿ ಏರಿ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗಬಹುದು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಜ್ವರದ ಹೊತ್ತಿಗೆ, ಅಂದರೆ ಹುಳು ಪೊರೆ ಬಿಡುವಾಗ, ಉದುರಿಸುವ ಸುಣ್ಣದ ಪುಡಿ ಈ ಫ್ಯಾನಿಗೆ ಬಾರದಂತೆ ಕಂಪ್ಯೂಟರನ್ನು ಬೇರೆ ಕೋಣೆಯಲ್ಲಿಡಿ.

ರ‍್ಯಾಮ್ ಪರೀಕ್ಷಿಸಲು ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಕಡೆಗಣಿಸಬೇಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ, ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ತೊಂದರೆ ಮರಳಿದಾಗ ಮೊದಲಿಂದ ಶುರುಮಾಡಬೇಕಾಗುತ್ತದೆ.

ವಿಂಡೋಸ್ ಕೂಡ ತನ್ನದೇ ದಿನಚರಿ ಬರೆಯುತ್ತದೆ. ರಿಲಯಬಿಲಿಟಿ ಮಾನಿಟರ್ ತೆರೆದರೆ ಯಾವ ದಿನ ಏನು ಕೆಟ್ಟಿತು ಎಂಬ ಪಟ್ಟಿ ಸಿಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕಂಡರೆ ಎಸ್‌ಎಂಪಿಎಸ್ ಹೋಗಿದೆ ಎಂದು ಗಾಬರಿಯಾಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಬಿಲ್ಲು, ನೋಟ್‌ಬುಕ್ಕು, ನೀಲಿ ಪರದೆಯ ಫೋಟೋ ಹಿಡಿದು ಅಂಗಡಿಗೆ ಹೋಗಿ. ಅಲ್ಲಿ ಹತ್ತು ನಿಮಿಷ ಆನ್ ಮಾಡಿ "ಸರಿಯಾಗೇ ಇದೆಯಲ್ಲ ಸಾರ್" ಎನ್ನಬಹುದು. ಬೇಸರಪಡದೆ ಯಂತ್ರವನ್ನು ಒಂದು ದಿನ ಅಲ್ಲೇ ಬಿಟ್ಟು, ಬೇರೆ ಎಸ್‌ಎಂಪಿಎಸ್ ಹಾಕಿ ಓಡಿಸಿ ನೋಡಲು ಹೇಳಿ, ದೂರನ್ನು ಜಾಬ್ ಶೀಟಿನಲ್ಲಿ ತಾರೀಖಿನ ಸಮೇತ ಬರೆಸಿಕೊಳ್ಳಿ.