ಕೆಟ್ಟ ಸುದ್ದಿ ತಂದವರನ್ನು ಮೊದಲು ಕೂರಿಸು

ಮಗಳೇ, ನಿನಗೆ ಬಡ್ತಿ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಇನ್ನು ಮೇಲೆ ನಿನ್ನ ಕೈಕೆಳಗೂ ಒಂದಷ್ಟು ಜನ ಇರುತ್ತಾರೆ. ಅವರಲ್ಲಿ ಯಾರು ಚುರುಕು, ಯಾರು ಮಂಕು ಎಂದು ಮೊದಲ ದಿನವೇ ಯಾರಾದರೂ ನಿನ್ನ ಕಿವಿಗೆ ಹಾಕುತ್ತಾರೆ. ಆ ಮಾತು ನಂಬಿಕೊಂಡು ಕೆಲಸ ಶುರು ಮಾಡಬೇಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು 1963ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮಾಮೂಲಿ ಇಲಿಗಳನ್ನೇ ಕೊಟ್ಟು, ಕೆಲವರಿಗೆ ‘ಇವು ಜಾಣ ತಳಿ’ ಎಂದರು, ಉಳಿದವರಿಗೆ ‘ಇವು ದಡ್ಡ ತಳಿ’ ಎಂದರು. ದಾರಿ ಹುಡುಕುವ ಪರೀಕ್ಷೆಯಲ್ಲಿ ‘ಜಾಣ’ ಇಲಿಗಳೇ ಮುಂದೆ ಬಂದವು. ಅವನ್ನು ಪಡೆದವರು ಹೆಚ್ಚು ಅಕ್ಕರೆಯಿಂದ ಎತ್ತಿ ಆಡಿಸಿದ್ದರು.

ಇಲಿಗಳ ವಿಷಯದಲ್ಲೇ ಹೀಗಾದರೆ ಮನುಷ್ಯರ ಗತಿಯೇನು? ಜಾಣ ಎಂದುಕೊಂಡವನು ಬಂದರೆ ಕುರ್ಚಿ ತೋರಿಸುತ್ತೀಯ, ತಡವರಿಸಿದರೆ ಕಾಯುತ್ತೀಯ. ಮಂಕು ಎಂದುಕೊಂಡವಳು ಬಂದರೆ ಕಂಪ್ಯೂಟರಿನಿಂದ ಕಣ್ಣು ಕೀಳದೆ ‘ಹ್ಞೂಂ, ಅಲ್ಲಿಡಿ’ ಎನ್ನುತ್ತೀಯ. ಹೀಗೇ ನಡೆದರೆ ಆಕೆಗೆ ಕೇಳುವ ಧೈರ್ಯ ಹೋಗುತ್ತದೆ, ಆಮೇಲೆ ಮಾಡುವ ಹುಮ್ಮಸ್ಸೂ ಹೋಗುತ್ತದೆ. ಆಗ ನೀನು, ‘ನಾನು ಮೊದಲೇ ಹೇಳಿರಲಿಲ್ವಾ’ ಎನ್ನುತ್ತೀಯ.

ಇನ್ನು ಭಯ. ಗದರಿಸಿದರೆ ಆ ಹೊತ್ತಿಗೆ ಕೆಲಸ ಆಗುತ್ತದೆ, ನಿಜ. ಆದರೆ ಹೆದರಿದವರ ಕಣ್ಣು ಕೆಲಸ ಬಿಟ್ಟು ನಿನ್ನ ಮುಖದ ಮೇಲೇ ಇರುತ್ತದೆ. 1990ರ ದಶಕದಲ್ಲಿ ಆಮಿ ಎಡ್ಮಂಡ್‌ಸನ್ ಎಂಬಾಕೆ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲೇ ತಪ್ಪುಗಳ ಲೆಕ್ಕ ಹೆಚ್ಚಿತ್ತು! ಕೆದಕಿ ನೋಡಿದಾಗ ಕಾರಣ ತಿಳಿಯಿತು: ಅಲ್ಲಿನವರು ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು. ಬೈಗುಳಕ್ಕೆ ಅಂಜುವ ಕಡೆ ತಪ್ಪುಗಳು ಹೊರಗೇ ಬರುತ್ತಿರಲಿಲ್ಲ. ರೋಗಿಗೆ ಯಾವುದು ಅಪಾಯ, ನೀನೇ ಹೇಳು.

ಹಾಗೆಂದು ಸಡಿಲ ಬಿಡು ಎನ್ನುತ್ತಿಲ್ಲ. ಗಡುವು ಗಡುವೇ, ಕೆಲಸ ಕೆಲಸವೇ. ಆದರೆ ಯಾರಾದರೂ ‘ಮೇಡಂ, ಒಂದು ಎಡವಟ್ಟಾಗಿದೆ’ ಎಂದು ಬಾಗಿಲಲ್ಲಿ ನಿಂತರೆ, ಅವರನ್ನು ಮೊದಲು ಕೂರಿಸು. ‘ಹೇಳಿದ್ದು ಒಳ್ಳೇದಾಯ್ತು, ಈಗೇನು ಮಾಡೋಣ?’ ಎಂದು ಕೇಳು. ನಿನ್ನ ಆ ಮೊದಲ ಮಾತನ್ನು ಇಡೀ ತಂಡ ಗಮನಿಸುತ್ತಿರುತ್ತದೆ. ಮಂಕು ಎನ್ನಿಸಿಕೊಂಡವರಿಗೂ ಒಂದು ಜವಾಬ್ದಾರಿಯ ಕೆಲಸ ಕೊಡು, ಎಲ್ಲರ ಎದುರಿಗೇ ಕೊಡು, ಬೇಕಾದ ಸಮಯವನ್ನೂ ಕೊಡು. ಅವರು ಹೇಗೆ ಎಂಬ ತೀರ್ಮಾನ ಅದಾದ ಮೇಲೆ ಮಾಡು.