ಸಂಘದಲ್ಲಿ ನಾವು ಕಲಿತದ್ದು, ಗೈಡ್ಸ್‌ನಲ್ಲಿ ಮಗಳು ಕಲಿಯಲಿ



ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್, ಜಯನಗರದ ಕಡೆಯ ಸಂಘಗಳ ಸಭೆಗೆ ನಾವು ಬಂದಾಗ ತಾಯಂದಿರು ಆಗಾಗ ಒಂದು ಮಾತು ಕೇಳ್ತಾರೆ: "ಸಿಸ್ಟರ್, ಮಗಳು ಸ್ಕೂಲಲ್ಲಿ ಗೈಡ್ಸ್ ಸೇರಿದ್ದಾಳೆ. ಈಗ ಕ್ಯಾಂಪ್ ಅಂತೆ, ರಾತ್ರಿ ಅಲ್ಲೇ ಉಳೀಬೇಕಂತೆ. ಮನೇಲಿ ಬೇಡ ಅಂತಾರೆ. ಏನು ಮಾಡೋದು?" ಮಗ ಸ್ಕೌಟ್ ಕ್ಯಾಂಪಿಗೆ ಹೊರಟರೆ ಈ ಪ್ರಶ್ನೆ ಬರುವುದು ಕಡಿಮೆ. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದೇ ವಿಷಯ ತೆಗೆದುಕೊಂಡಿದ್ದೇವೆ.

ಇದು ಎಲ್ಲಿಂದ ಬಂತು?

1907ರಲ್ಲಿ ಇಂಗ್ಲೆಂಡಿನ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಶಿಬಿರ ನಡೆಸಿದರು. ಅದರಲ್ಲಿ ಶ್ರೀಮಂತರ ಮಕ್ಕಳೂ ಇದ್ದರು, ಕೂಲಿಕಾರರ ಮಕ್ಕಳೂ ಇದ್ದರು. ಅಲ್ಲಿಂದ ಸ್ಕೌಟ್ ಚಳುವಳಿ ಶುರುವಾಯಿತು. ಆಗ ಹುಡುಗಿಯರಿಗೆ ಜಾಗ ಇರಲಿಲ್ಲ. 1909ರಲ್ಲಿ ಲಂಡನ್ನಿನಲ್ಲಿ ಸ್ಕೌಟ್ ಹುಡುಗರ ದೊಡ್ಡ ಮೇಳ ನಡೆದಾಗ ಕೆಲವು ಹುಡುಗಿಯರು ಕರೆಯದೆಯೇ ಬಂದು "ನಾವೂ ಸ್ಕೌಟುಗಳೇ" ಅಂತ ನಿಂತರು. ಮರುವರ್ಷ, 1910ರಲ್ಲಿ, ಹುಡುಗಿಯರಿಗಾಗಿ ಗೈಡ್ಸ್ ಹುಟ್ಟಿತು. ಅದನ್ನು ಮೊದಲು ನಡೆಸಿದವರು ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್.

ನಮ್ಮ ಊರಿಗೂ ಇದರಲ್ಲಿ ದೊಡ್ಡ ಪಾತ್ರ ಇದೆ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಶುರು ಮಾಡಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್. ಅದೇ ವರ್ಷ ಭೂಮಿಯ ಆ ಕಡೆ, ಸ್ಪ್ಯಾನಿಷ್ ಮಾತಾಡುವ ಚಿಲಿ ದೇಶದಲ್ಲೂ ಸ್ಕೌಟ್ಸ್ ಶುರುವಾಯಿತು. ಆದರೆ ಬೆಂಗಳೂರಿನ ಆ ದಳದಲ್ಲಿ ನಮ್ಮ ಜನರ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಇತ್ತು. ಆಮೇಲೆ ಮದ್ರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ ಮುಂತಾದವರು ಭಾರತದ ಮಕ್ಕಳಿಗಾಗಿಯೇ ಸ್ಕೌಟ್ ಸಂಸ್ಥೆಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರಲ್ಲಿ ಗೈಡ್ಸ್ ಸಂಸ್ಥೆಯೂ ಅದರೊಳಗೆ ಸೇರಿತು.

ನೋಡಿ, ಮೊದಲು ಹುಡುಗಿಯರು ಹೊರಗೆ, ಆಮೇಲೆ ನಮ್ಮ ಮಕ್ಕಳು ಹೊರಗೆ. ಆ ಎರಡು ಬಾಗಿಲೂ ಈಗ ತೆರೆದಿವೆ. ಉಳಿದದ್ದು ನಮ್ಮ ಮನೆಯ ಬಾಗಿಲು ಮಾತ್ರ.

ಅಲ್ಲಿ ಏನು ಕಲಿಸ್ತಾರೆ?

ಗೈಡ್ ಹುಡುಗಿಯರನ್ನು ಆರರಿಂದ ಎಂಟು ಜನರ ಚಿಕ್ಕ ಚಿಕ್ಕ ಗುಂಪು ಮಾಡ್ತಾರೆ. ಇದಕ್ಕೆ ಪೆಟ್ರೋಲ್ ಅಂತ ಹೆಸರು. ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲ! ಪ್ರತಿ ಗುಂಪಿಗೂ ಅವರಲ್ಲೇ ಒಬ್ಬಳು ನಾಯಕಿ. ಶಿಬಿರದಲ್ಲಿ ಅಡುಗೆ, ನೀರು, ಸಾಮಾನಿನ ಲೆಕ್ಕ, ಗುಡಾರ ಕಟ್ಟುವುದು ಎಲ್ಲವನ್ನೂ ಹಂಚಿಕೊಂಡು ಮಾಡಬೇಕು. ನಾಯಕಿಯರು ಕೂತು ಮಾತಾಡಿ ತೀರ್ಮಾನ ತೆಗೆದುಕೊಳ್ತಾರೆ. ನಮ್ಮ ಸಂಘದಲ್ಲೂ ಹೀಗೇ ಅಲ್ಲವೇ? ಸಭೆಯಲ್ಲಿ ಎದ್ದು ಮಾತಾಡುವುದು, ಲೆಕ್ಕ ಒಪ್ಪಿಸುವುದು, ಬ್ಯಾಂಕಿಗೆ ಒಬ್ಬರೇ ಹೋಗುವುದು ನಮ್ಮಲ್ಲಿ ಎಷ್ಟೋ ಜನ ಮೂವತ್ತು, ನಲವತ್ತು ದಾಟಿದ ಮೇಲೆ ಕಲಿತದ್ದು. ಮಗಳು ಹನ್ನೆರಡಕ್ಕೇ ಕಲಿಯಬಹುದು.

ಗೈಡ್ ನಿಯಮಗಳು ಒಂಬತ್ತು. ಅದರಲ್ಲಿ ಮಿತವ್ಯಯವೂ ಒಂದು, ಅಂದರೆ ನಮ್ಮ ಉಳಿತಾಯದ ಪಾಠವೇ. ಪ್ರಥಮ ಚಿಕಿತ್ಸೆ ಕಲಿಸ್ತಾರೆ. ಹಗ್ಗದ ಗಂಟು ಕಲಿಸ್ತಾರೆ. ರೀಫ್ ಗಂಟು ಅಂತ ಒಂದಿದೆ: ಚಪ್ಪಟೆಯಾಗಿ ಕೂರುತ್ತೆ, ಒತ್ತುವುದಿಲ್ಲ, ಬೇಕಾದಾಗ ಸುಲಭವಾಗಿ ಬಿಚ್ಚಬಹುದು. ಗಾಯಕ್ಕೆ ಪಟ್ಟಿ ಕಟ್ಟಲು ಅದೇ ಸರಿ.

ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂದು ಹಂತಗಳಿವೆ. ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವಿದೆ, ರೈಲ್ವೆ ನೇಮಕಾತಿಯಲ್ಲಿ ಕೋಟಾ ಇದೆ. ಯಾವುದಕ್ಕೆ ಯಾವ ಹಂತ ಮುಗಿಸಿರಬೇಕು ಅಂತ ಶಾಲೆಯಲ್ಲಿ ವಿಚಾರಿಸಿ. ಪ್ರತಿಯೊಂದು ಪ್ರಮಾಣಪತ್ರವನ್ನೂ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ.

ಹೊರಲೋಕವೂ ತೆರೆಯುತ್ತೆ. 2022ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲೇ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ದೇಶದೇಶದ ಗೈಡ್ ಹುಡುಗಿಯರು ಕೂಡಿ ಕಲಿಯಲೆಂದು 1957ರಲ್ಲಿ ಮೆಕ್ಸಿಕೋದಲ್ಲಿ, 1966ರಲ್ಲಿ ಪುಣೆಯಲ್ಲಿ ಕೇಂದ್ರಗಳು ತೆರೆದವು. ಪುಣೆಯ ಕೇಂದ್ರದ ಹೆಸರು 'ಸಂಗಮ್'.

ಕಳಿಸುವ ಮುಂಚೆ ಏನು ಕೇಳಬೇಕು?

ತಾಯಿಯ ಭಯ ಸುಳ್ಳಲ್ಲ. ಭಯ ಇದೆ ಅಂತ ಮಗಳನ್ನು ತಡೆಯುವುದಕ್ಕಿಂತ ಶಾಲೆಗೆ ಹೋಗಿ ಕೇಳುವುದು ಒಳ್ಳೆಯದು.

1. ಜೊತೆಗೆ ಹೋಗುವ ಗೈಡ್ ಕ್ಯಾಪ್ಟನ್ ಟೀಚರ್ ಯಾರು? ರಾತ್ರಿ ಅವರು ಮಕ್ಕಳ ಹತ್ತಿರವೇ ಇರ್ತಾರಾ?
2. ಜಾಗ ಯಾವುದು? ಮಲಗುವ ವ್ಯವಸ್ಥೆ, ಶೌಚಾಲಯ, ನೀರು ಹೇಗಿದೆ?
3. ಹುಷಾರು ತಪ್ಪಿದರೆ ಯಾವ ಆಸ್ಪತ್ರೆ? ನಾವು ಯಾವ ನಂಬರಿಗೆ ಫೋನ್ ಮಾಡಬೇಕು?
4. ಮುಟ್ಟಿನ ದಿನ ಬಂದರೆ ಏನು ಅನುಕೂಲ?
5. ಖರ್ಚು ಎಷ್ಟು, ಯಾವುದಕ್ಕೆ?

ಉತ್ತರ ಸರಿಯಾಗಿ ಸಿಕ್ಕರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಸಿಗದಿದ್ದರೆ ಸಿಗುವ ತನಕ ಕೇಳಿ, ಅದು ನಿಮ್ಮ ಹಕ್ಕು. ಮೂರ್ನಾಲ್ಕು ತಾಯಂದಿರು ಸೇರಿ ಹೋದರೆ ಕೇಳುವುದು ಸುಲಭ. ಸಮವಸ್ತ್ರದ ದುಡ್ಡಿಗೆ ತೊಂದರೆ ಇದ್ದರೆ ದೊಡ್ಡ ಹುಡುಗಿಯರಿಗೆ ಚಿಕ್ಕದಾದದ್ದನ್ನು ಸಂಘದಲ್ಲೇ ಕೈಬದಲು ಮಾಡಿಕೊಳ್ಳಬಹುದು. ಸಂಘದಿಂದ ಸಣ್ಣ ಸಾಲವನ್ನೂ ಕೊಡಬಹುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮಕ್ಕಳ ಶಾಲೆಯಲ್ಲಿ ಗೈಡ್ಸ್ ಇದೆಯೇ? ಇಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಯಾರು ಹೋಗಿ ಕೇಳ್ತೀರಿ?
2. ಮಗನಿಗೆ ಒಂದು ನಿಯಮ, ಮಗಳಿಗೆ ಒಂದು ನಿಯಮ ನಮ್ಮ ಮನೆಯಲ್ಲಿ ಎಲ್ಲೆಲ್ಲಿ ನಡೆಯುತ್ತಿದೆ?
3. ಸಂಘಕ್ಕೆ ಬಂದ ಮೇಲೆ ನಾವು ಕಲಿತ ಯಾವ ಒಂದು ಕೆಲಸ ಮಗಳಿಗೆ ಈಗಲೇ ಬರಬೇಕು?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಏನಾಯಿತು ಅಂತ ಒಬ್ಬರು ಎದ್ದು ಹೇಳಲಿ.